ಪೂರ್ವ ವಲಯದಲ್ಲಿ ಜೋಳದ ಏರಿಕೆ

ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಮೂಲೆ ಅಂಗಡಿಯ ಮೂರನೇ ಷೆಲ್ಫಿನ ಮುಂದೆ ನಿಂತ ಗ್ರಾಫಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಕನ್ನಡಕದ್ದೇನೂ ತಪ್ಪಿರಲಿಲ್ಲ. ಷೆಲ್ಫು ಖಾಲಿಯಾಗಿತ್ತು. ಕಳೆದ ವಾರ ಅಲ್ಲಿ ನಲವತ್ತೆರಡು ಡಬ್ಬಿ ಸಿಹಿಜೋಳ, ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಅದರ ಹಿಂದಿನ ವಾರವೂ ಅವೇ ನಲವತ್ತೆರಡು. ಈಗ ಧೂಳಿನ ನಡುವೆ ದುಂಡನೆಯ ಗುರುತುಗಳು ಮಾತ್ರ ಉಳಿದಿದ್ದವು.

"ಎಲ್ಲಿ ಹೋದ್ವು?" ಎಂದ.

"ಮಾರಾಟ ಆದ್ವು," ಎಂದ ಅಂಗಡಿಯವ, ತಕ್ಕಡಿಯಿಂದ ಕಣ್ಣು ಕೀಳದೆ.

"ನಲವತ್ತೆರಡೂನಾ?"

"ಅಂಗಡಿ ಅಂದ್ಮೇಲೆ ಒಂದೊಂದ್ಸಲ ವ್ಯಾಪಾರಾನೂ ಆಗುತ್ತೆ ಸ್ವಾಮಿ. ನಿಮಗೇನು, ಬೇಜಾರಾ?"

ಗ್ರಾಫಣ್ಣನ ಕೆಲಸವನ್ನು ವಿವರಿಸುವುದು ಸುಲಭ, ನಂಬಿಸುವುದು ಕಷ್ಟ. ಸಿಹಿಜೋಳವನ್ನು ಡಬ್ಬಿಯಲ್ಲಿ ತುಂಬಿ ಮಾರುವ ಕಂಪನಿಯೊಂದರಲ್ಲಿ ಅವನು ಪೂರ್ವ ವಲಯದ ಮಾರುಕಟ್ಟೆ ವೀಕ್ಷಕ. ವಲಯದಲ್ಲಿ ಹನ್ನೊಂದು ಪಟ್ಟಣ, ಲಕ್ಷಾಂತರ ಬಾಯಿ. ಅಷ್ಟೂ ಬಾಯಿಗಳನ್ನು ಎಣಿಸಲು ಯಾರಿಂದ ಆದೀತು? ರಕ್ತ ಪರೀಕ್ಷೆಗೆ ಒಂದು ಹನಿ ಸಾಕಾಗುವಂತೆ ಇಡೀ ವಲಯಕ್ಕೆ ಒಂದು ಅಂಗಡಿ ಸಾಕೆಂದು ಕಂಪನಿಯ ಹಿರಿಯರು ಯಾವ ಕಾಲದಲ್ಲೋ ತೀರ್ಮಾನಿಸಿದ್ದರು. ಆ ಹನಿಯೇ ಈ ಮೂಲೆ ಅಂಗಡಿ. ಪ್ರತಿ ಗುರುವಾರ ಇಲ್ಲಿನ ಡಬ್ಬಿ ಎಣಿಸಿ ಗ್ರಾಫಣ್ಣ ಗೆರೆ ಎಳೆಯಬೇಕು. ಯಾರದೋ ಮನೆಗೆ ನೆಂಟರು ಬಂದರೆಂದು ಎರಡು ಡಬ್ಬಿ ಖರ್ಚಾದರೆ, ಪೂರ್ವ ವಲಯದ ಜನಸಾಮಾನ್ಯರಲ್ಲಿ ಜೋಳದ ಒಲವು ಹೆಚ್ಚಿದೆ ಎಂದು ಕೇಂದ್ರ ಕಚೇರಿಯಲ್ಲಿ ಭಾಷಣವಾಗುತ್ತಿತ್ತು.

ಎರಡು ವಾರದಿಂದ ಗೆರೆ ಉದ್ದಕ್ಕೆ ಮಲಗಿಬಿಟ್ಟಿತ್ತು, ದಿಂಬು ಕೊಡುವುದೊಂದು ಬಾಕಿ. ಮೂರನೆಯ ವಾರವೂ ಮಲಗಿದರೆ ಇಲ್ಲಿನ ಕಚೇರಿಗೆ ಬೀಗ, ಗ್ರಾಫಣ್ಣನಿಗೆ ಬೇರೆ ಊರು. ಮದುವೆಯಾದ ಏಳು ವರ್ಷದಲ್ಲಿ ಐದು ಊರು ಆಗಿತ್ತು. ಅವನ ಹೆಂಡತಿ ಒಮ್ಮೆಯೂ ಗೊಣಗಿದವಳಲ್ಲ. ಆದರೆ ಈ ಬೀದಿಗೆ ಬಂದ ಮೇಲೆ, ಏನೂ ಕೆಲಸವಿಲ್ಲದೆ "ಅಕ್ಕಾ, ಏನ್ಮಾಡ್ತಿದೀರಿ?" ಎಂದು ಗೋಡೆಯಾಚೆಯಿಂದ ಕೂಗುವವರು ಅವಳಿಗೆ ಮೊದಲ ಸಲ ಸಿಕ್ಕಿದ್ದರು. ಅವಳ ನಗು ಗೇಟಿನ ತನಕ ಕೇಳಿಸುವಷ್ಟು ದೊಡ್ಡದೆಂದು ಗ್ರಾಫಣ್ಣನಿಗೆ ಗೊತ್ತಾದದ್ದೇ ಇಲ್ಲಿ. ವರ್ಗದ ಸುದ್ದಿ ಹೇಳಿದ ಸಂಜೆ ಅವಳು, "ಮತ್ತೆ ಹೊರಡಬೇಕಾ?" ಎಂದಷ್ಟೇ ಕೇಳಿ, ಮಡಚಿಟ್ಟ ಅಂಗಿಯೊಂದನ್ನೇ ಬಿಡಿಸಿ ಬಿಡಿಸಿ ಮೂರು ಸಲ ಮಡಚಿದ್ದಳು.

ಅದಕ್ಕೇ ಖಾಲಿ ಷೆಲ್ಫು ಅವನಿಗೆ ತುಂಬಿದ ಕಣಜದಂತೆ ಕಂಡಿತು. ಕಚೇರಿಗೆ ಓಡಿದವನೇ ಗೆರೆ ಎಳೆಯಲು ಕೂತ. ಗೆರೆ ಹಾಳೆಯ ನೆತ್ತಿಗೆ ಹೋಗಿ ಮುಟ್ಟಿತು, ಇನ್ನೂ ಏರಬೇಕು. ಮೇಲೊಂದು ಹಾಳೆ ಅಂಟಿಸಿ ಏರಿಸಿದ.

ವಲಯದ ಸಾಹೇಬರು ಏನು ಮಾತಾಡಿದರೂ ರೇಡಿಯೋದಲ್ಲಿ ವಾರ್ತೆ ಓದಿದಂತಿರುತ್ತಿತ್ತು. "ಚಹಾ. ಒಂದು ಲೋಟ. ಸಕ್ಕರೆ ಕಡಿಮೆ. ವಿವರಗಳು ನಂತರ," ಎನ್ನುವ ಪೈಕಿ. ಜೋಡಿ ಹಾಳೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಕತ್ತು ನೋಯಿಸಿಕೊಂಡು, "ಏರಿಕೆ. ತೀವ್ರ ಏರಿಕೆ. ಕಾರಣ?" ಎಂದರು.

"ಗೊತ್ತಿಲ್ಲ ಸಾರ್."

"ಕಾರಣ ತಿಳಿಯದ ಏರಿಕೆ ಜ್ವರಕ್ಕೆ ಸಮಾನ. ಗ್ರಾಹಕರ ಭೇಟಿ. ಈಗಲೇ."

ಅಂಗಡಿಯವನನ್ನು ಕೇಳಿದರೆ ಅವನು ಗ್ರಾಫಣ್ಣನತ್ತ ಬೆರಳು ತೋರಿಸಿ, "ತಗೊಂಡೋರೆಲ್ಲ ಇವ್ರ ಬೀದಿಯೋರೇ ಸಾರ್," ಎಂದ. ಗ್ರಾಫಣ್ಣನ ಎದೆಯಲ್ಲಿ ಏನೋ ಒಂದು ಡಬ್ಬಿ ಉರುಳಿತು.

ಮೊದಲ ಮನೆ ನಿವೃತ್ತ ಹೆಡ್‌ಮೇಷ್ಟ್ರದು. ಮೇಷ್ಟ್ರು ಬನಿಯನ್ನಿನಲ್ಲಿ ನಿಂತು ಎರಡು ಕೈಯಲ್ಲಿ ಎರಡು ಡಬ್ಬಿ ಹಿಡಿದು ಮೇಲಕ್ಕೆತ್ತಿ ಇಳಿಸುತ್ತಿದ್ದರು. ಸಾಹೇಬರನ್ನು ಕಂಡು ಕೈಗಳು ಅರ್ಧಕ್ಕೇ ನಿಂತವು.

"ಜೋಳವನ್ನು ತಾವು ಹೇಗೆ ಬಳಸುತ್ತೀರಿ?" ಸಾಹೇಬರು ಕೇಳಿದರು.

"ಬೆಳಿಗ್ಗೆ ಹದಿನೈದು, ಸಂಜೆ ಹದಿನೈದು," ಎಂದುಬಿಟ್ಟರು ಮೇಷ್ಟ್ರು.

"ಡಬ್ಬಿ?"

ಮೇಷ್ಟ್ರು ಗ್ರಾಫಣ್ಣನ ಮುಖ ನೋಡಿದರು. ನಲವತ್ತು ವರ್ಷ ಮಕ್ಕಳ ಸುಳ್ಳನ್ನು ಕಿವಿ ಹಿಡಿದು ಎಳೆದವರು. "ಕಾಳು," ಎಂದರು. "ಎಣಿಸಿ ತಿಂತೀನಿ. ಮಿತಿ ಇರಬೇಕಲ್ಲ."

ಪಕ್ಕದಲ್ಲಿ ಟೇಲರಮ್ಮ. ಅವಳ ಮೇಜಿನ ಮೇಲೆ ಹಾಸಿದ ಬಟ್ಟೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಕೂತಿದ್ದವು. "ಹಸಿವಾದಾಗ ಕೈಗೆ ಸಿಗಲಿ ಅಂತ ಸಾರ್," ಎಂದು ಅವಳು ಕೇಳುವ ಮೊದಲೇ ಉತ್ತರಿಸಿದಳು. ಎದುರುಮನೆ ಜಗುಲಿಯಲ್ಲಿ ಅಜ್ಜಿಯ ಮಂಚದ ಕಾಲುಗಳ ಕೆಳಗೂ ಡಬ್ಬಿ. ಅಜ್ಜಿಗೆ ನೆಪ ಹುಡುಕುವ ಸಂಕಷ್ಟವೇ ಬರಲಿಲ್ಲ. "ಸೊಂಟ ಹಿಡಿದಿತ್ತಪ್ಪ, ಬಗ್ಗಿ ಏಳೋಕಾಗ್ತಿರಲಿಲ್ಲ. ನಿಮ್ಮ ಜೋಳದಿಂದ ಈಗ ಸಲೀಸಾಗಿ ಏಳ್ತೀನಿ," ಎಂದಳು.

ಸಾಹೇಬರು ಬರೆದುಕೊಂಡರು: ಸೊಂಟಕ್ಕೆ ಗುಣಕಾರಿ.

ಅವರ ಜೇಬಿನಲ್ಲಿ ಡಬ್ಬಿ ತೆರೆಯುವ ಕತ್ತರಿ ಸದಾ ಇರುತ್ತಿತ್ತು, ವೈದ್ಯರ ಕೊರಳಲ್ಲಿ ಸ್ಟೆತಸ್ಕೋಪಿನ ಹಾಗೆ. ಟೇಲರಮ್ಮನ ಮೇಜಿನಿಂದ ಒಂದು ಡಬ್ಬಿ ತಂದು ಕಚಕ್ಕೆಂದು ತೆರೆದು, "ಎಲ್ಲರೂ ಒಟ್ಟಿಗೆ ಸವಿಯೋಣ," ಎಂದರು. ಹಿಂದೆಯೇ ಬಂದಿದ್ದ ಮೇಷ್ಟ್ರು ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರಂತೆ ಮುಷ್ಟಿ ಬಿಗಿದು ನುಂಗಿದರು. ಟೇಲರಮ್ಮ ಬಾಯಿ ತುಂಬಿಕೊಂಡೇ ತಲೆದೂಗಿದಳು, ನುಂಗಲಿಲ್ಲ. ಅಜ್ಜಿ ಮಾತ್ರ, "ಇದನ್ನ ತಿನ್ನೋದಾ?" ಎಂದು ಕೇಳಿದಳು. ಟೇಲರಮ್ಮ ಜೋರಾಗಿ ಕೆಮ್ಮಿ ಆ ಮಾತನ್ನು ಮುಳುಗಿಸಿದಳು.

ಗ್ರಾಫಣ್ಣ ಸದ್ದಿಲ್ಲದೆ ಜಾರಿ ತನ್ನ ಮನೆಯ ಅಡುಗೆಮನೆ ಸೇರಿದ. ಹೆಂಡತಿ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು.

"ಯಾರಿಗೆ ಹೇಳಿದೆ?"

"ಟೇಲರಮ್ಮನಿಗೆ ಮಾತ್ರ. ಅಳತೆ ಕೊಡೋವಾಗ ಕಣ್ಣಲ್ಲಿ ನೀರು ಬಂದ್ಬಿಡ್ತು, ಏನು ಅಂತ ಕೇಳಿದ್ರು. ಜೋಳ ಹೋಗದಿದ್ರೆ ನಾವು ಹೋಗ್ಬೇಕು ಅಂದೆ, ಅಷ್ಟೇ. ಕೊಳ್ಳಿ ಅನ್ನಲಿಲ್ಲ ರೀ, ಆಣೆಗೂ."

"ನೀನೂ ಕೊಂಡ್ಯಾ?"

ಅವಳು ಅಕ್ಕಿ ಡಬ್ಬದ ಮುಚ್ಚಳ ತೆಗೆದು ತೋರಿಸಿದಳು. ಅಕ್ಕಿಯೊಳಗೆ ಕುತ್ತಿಗೆಮಟ್ಟ ಹೂತು ಆರು ಡಬ್ಬಿ ಕೂತಿದ್ದವು. "ನಿಮಗೆ ಗೊತ್ತಾದ್ರೆ ಸುಳ್ಳು ಲೆಕ್ಕ ಬರೆಯಲ್ಲ ಅಂತ ಹಟ ಮಾಡ್ತೀರಿ. ಅದಕ್ಕೇ ಯಾರೂ ಹೇಳ್ಲಿಲ್ಲ."

ಗ್ರಾಫಣ್ಣ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ವಲಯದ ಲಕ್ಷಾಂತರ ಜನರ ಒಲವನ್ನು ಗೆರೆಯಲ್ಲಿ ಹಿಡಿಯುತ್ತೇನೆಂದುಕೊಂಡಿದ್ದವನಿಗೆ ಸ್ವಂತ ಬೀದಿಯ ಒಲವು ಕಂಡಿರಲಿಲ್ಲ. ಅವನು ಕಾಳು ಎಣಿಸುತ್ತಿದ್ದ, ಇವರು ಕಾಳಜಿಯನ್ನು ಮಂಚದ ಕೆಳಗೆ ಪೇರಿಸುತ್ತಿದ್ದರು. ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಏನೋ ಹೇಳಲು ಹೊರಟ.

"ವೀಕ್ಷಕರು ಎಲ್ಲಿ?" ಎಂದು ಹೊರಗೆ ವಾರ್ತೆ ಮೊಳಗಿತು.

ಸಾಹೇಬರು ಗ್ರಾಫಣ್ಣನ ಮನೆಯ ಜಗುಲಿಗೇ ಬಂದು ಕೂತಿದ್ದರು, ಸುತ್ತ ಬೀದಿಯವರು. "ಮುಖ್ಯಾಂಶಗಳು," ಎಂದರು. "ಪೂರ್ವ ವಲಯದಲ್ಲಿ ಅಭೂತಪೂರ್ವ ಏರಿಕೆ. ಈ ಕಚೇರಿ ಮುಚ್ಚುವುದಿಲ್ಲ."

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಟೇಲರಮ್ಮ, ಬಾಗಿಲಿಗೆ ಬಂದಿದ್ದ ಗ್ರಾಫಣ್ಣನ ಹೆಂಡತಿಯ ಕೈ ಹಿಡಿದುಕೊಂಡಳು.

"ಆದರೆ ಉತ್ತರ ವಲಯದ ಪರಿಸ್ಥಿತಿ ಚಿಂತಾಜನಕ. ಅಲ್ಲಿನ ಜನ ಜೋಳದ ಡಬ್ಬಿ ಕಂಡರೆ ರಸ್ತೆ ದಾಟುತ್ತಾರೆ. ಒಂದೇ ವಾರದಲ್ಲಿ ಒಂದು ಬೀದಿಯನ್ನು ಒಲಿಸಿಕೊಂಡ ಇಂಥ ವ್ಯಕ್ತಿ ಅಲ್ಲಿ ಬೇಕು. ಸೋಮವಾರದಿಂದ ಇವರು ಉತ್ತರ ವಲಯಕ್ಕೆ. ಇಲ್ಲಿಗೆ ಬೇರೆಯವರು ಬರುತ್ತಾರೆ."

ಚಪ್ಪಾಳೆ ಗಾಳಿಯಲ್ಲೇ ನಿಂತುಹೋಯಿತು.

"ಸಾರ್, ನನ್ನದೇನೂ ಇಲ್ಲ ಸಾರ್ ಇದರಲ್ಲಿ," ಎಂದ ಗ್ರಾಫಣ್ಣ. "ವಿನಯ," ಎಂದು ಸಾಹೇಬರು ಅದನ್ನೂ ಬರೆದುಕೊಂಡರು.

ಟೇಲರಮ್ಮನಿಗೆ ತಡೆಯಲಾಗಲಿಲ್ಲ. ಕೆನ್ನೆಯಲ್ಲಿ ಅಷ್ಟೊತ್ತು ಕೂಡಿಟ್ಟಿದ್ದ ಜೋಳವನ್ನು ಅಂಗಳಕ್ಕೆ ಉಗಿದು ಮುಂದೆ ಬಂದಳು. "ನಿಜ ಹೇಳ್ತೀನಿ ಸಾರ್. ಈ ಬೀದೀಲಿ ಯಾರೂ ಇದನ್ನ ತಿನ್ನಲ್ಲ. ಇವರು ಇಲ್ಲೇ ಇರಲಿ ಅಂತ ಕೊಂಡ್ವಿ."

"ನಾನು ವ್ಯಾಯಾಮಕ್ಕೆ ಎತ್ತೋದು," ಎಂದರು ಮೇಷ್ಟ್ರು, ತಲೆ ತಗ್ಗಿಸಿ. "ನಿಮ್ಮ ಜೋಳಕ್ಕೆ ಇಲ್ಲಿ ಬೆಲೆಯೇ ಇಲ್ಲ, ದಯವಿಟ್ಟು ಹಾಗೇ ಬರ್ಕೊಳ್ಳಿ."

"ನಂದಂತೂ ಮಂಚದ ಕಾಲಿಗೆ," ಎಂದು ಅಜ್ಜಿ ಎದುರುಮನೆಯ ಮಂಚದಿಂದಲೇ ಕೂಗಿದಳು. "ಬೇಕಾದ್ರೆ ವಾಪಸ್ ಒಯ್ಯಪ್ಪ. ಇವರನ್ನ ಬಿಟ್ಟು ಹೋಗು."

ಹೆಂಡತಿ ಒಳಗೆ ಹೋಗಿ ಅಕ್ಕಿ ಮೆತ್ತಿದ ಆರು ಡಬ್ಬಿಯನ್ನು ತಂದು ಸಾಹೇಬರ ಕಾಲ ಬಳಿ ಇಟ್ಟಳು.

ಸಾಹೇಬರು ಡಬ್ಬಿಗಳನ್ನು ನೋಡಿದರು, ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಕಣ್ಣು ಒದ್ದೆಯಾಯಿತು. ಮೊದಲ ಬಾರಿಗೆ ಅವರ ಬಾಯಿಂದ ವಾರ್ತೆ ಬರಲಿಲ್ಲ, ಮಾತು ಬಂತು.

"ಅಲ್ಲಮ್ಮಾ, ಒಬ್ಬರಾದ್ರೂ ಇದನ್ನ ತಿನ್ನಲ್ವಾ?"

"ಒಬ್ರೂ ಇಲ್ಲ ಸಾರ್. ಮುಟ್ಟೋದೂ ಇಲ್ಲ."

"ಆದ್ರೂ ಇವರ ಮುಖ ನೋಡಿ ಅಷ್ಟೂ ಕೊಂಡ್ರಿ."

"ಹೌದು ಸಾರ್," ಎಂದು ಬೀದಿಗೆ ಬೀದಿಯೇ ಆಸೆಯಿಂದ ಹೇಳಿತು.

ಸಾಹೇಬರು ಎದ್ದು ನಿಂತು ಗ್ರಾಫಣ್ಣನ ಹೆಗಲ ಮೇಲೆ ಕೈಯಿಟ್ಟರು. "ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇಂಥದ್ದು ನೋಡಿರಲಿಲ್ಲ ಕಣಯ್ಯಾ. ತಿನ್ನೋರಿಗೆ ಯಾರು ಬೇಕಾದ್ರೂ ಮಾರ್ತಾರೆ. ಉತ್ತರದಲ್ಲೂ ಒಬ್ಬರೂ ತಿನ್ನಲ್ಲ. ನಿನ್ನಂಥವನು ಸಿಗಲಿ ಅಂತಲೇ ಕಾಯ್ತಿದ್ದೆ. ಸೋಮವಾರ ಯಾಕೆ, ಶನಿವಾರವೇ ಹೊರಡು."

ಸಾಹೇಬರ ಜೀಪು ಹೋದ ಮೇಲೂ ಬೀದಿಯವರು ಕದಲಲಿಲ್ಲ. ಮೇಷ್ಟ್ರು ತಮ್ಮ ಎರಡು ಡಬ್ಬಿಗಳನ್ನು, ಜಾಮೀನಿಲ್ಲದ ಅಪರಾಧಿಗಳನ್ನು ನೋಡುವಂತೆ ನೋಡುತ್ತಿದ್ದರು. ಟೇಲರಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ತಪ್ಪಾಯ್ತು ಅಕ್ಕಾ, ಒಂದು ಹತ್ತು ಡಬ್ಬಿಗೆ ನಿಲ್ಲಿಸಬೇಕಿತ್ತು," ಎಂದಳು. ಅಜ್ಜಿ ಮಂಚದಿಂದ ಇಳಿದು, ಬಗ್ಗದೆ, ಸಲೀಸಾಗಿ ಬೀದಿ ದಾಟಿ ಬಂದು ಅವನ ಹೆಂಡತಿಯ ಪಕ್ಕ ಕೂತಳು.

"ಬೇಜಾರಾ?" ಎಂದು ಗ್ರಾಫಣ್ಣ ಹೆಂಡತಿಯನ್ನು ಮೆಲ್ಲಗೆ ಕೇಳಿದ.

ಅವಳು ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿ ಕಣ್ಣೊರೆಸಿಕೊಂಡಳು.

"ಅಲ್ಲಿ ಅಕ್ಕಪಕ್ಕದೋರು ಕೆಟ್ಟವರಾಗಿದ್ರೆ ಸಾಕು ರೀ," ಎಂದಳು. "ಬೇಗ ವಾಪಸ್ ಬಂದ್ಬಿಡಬಹುದು."