ಅತ್ತೆಯ ನಂಬರಿನಲ್ಲಿ ನನ್ನ ಕಜ್ಜಾಯ

ವಿನಯದಿಂದ ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದರು. ಹಾಸನದ ನಮ್ಮ ಬೀದಿಯ ಸೂಪರ್ ಮಾರ್ಕೆಟ್ಟಿನ ಆ್ಯಪ್, ‘ನೀವಿರುವ ಜಾಗವನ್ನು ನಾವು ತಿಳಿಯಬಹುದೇ?’ ಎಂದು ಬಹಳ ವಿನಯದಿಂದ ಕೇಳಿತು. ‘ಯಾವಾಗಲೂ’ ಎಂದು ಒತ್ತಿದೆ. ಖರೀದಿಗೆ ಪಾಯಿಂಟು ಸೇರಲು ಕುಟುಂಬದ ಒಂದು ಫೋನ್ ನಂಬರ್ ಬೇಕೆಂದಿತು. ಅತ್ತೆ ಇರುವುದು ಹೊಳೆನರಸೀಪುರದಲ್ಲಾದರೂ ನಮ್ಮ ಮನೆಯ ಗ್ಯಾಸ್ ಕೂಡ ಅವರ ಹೆಸರಿನಲ್ಲೇ ಇದೆ. ಅವರ ನಂಬರನ್ನೇ ಕೊಟ್ಟೆ.

“ಯಾವಾಗ್ಲೂ ಅಂತ ಒತ್ತಿದ್ಯಾ? ನಾನು ಎಲ್ಲಿದ್ದೀಯ ಅಂತ ಕೇಳಿದ್ರೆ ಮಾತ್ರ ಸಿಡುಕ್ತೀಯ” ಎಂದರು ನಮ್ಮವರು.

“ನೀವು ಅಷ್ಟು ವಿನಯವಾಗಿ ಕೇಳಲ್ಲ ಕಣ್ರೀ.”

ಅಷ್ಟರಲ್ಲಿ ನಾದಿನಿಯ ಸೀಮಂತ ಬಂತು. ಅತ್ತೆ ಫೋನ್ ಮಾಡಿದರು.

“ಕಜ್ಜಾಯ ನೀನೇ ಮಾಡ್ಕೊಂಡ್ ಬತ್ತೀಯಾ, ಇಲ್ಲಾ ಕೊಣನೂರಿಂದ ನಮ್ಮಕ್ಕನ್ನ ಕರೆಸ್ಲಾ? ಪಾಕಕ್ಕೆ ಇಂಗ್ಲಿಷ್ ಬರಾಕಿಲ್ಲ ಕಣವ್ವ.”

“ನಾನೇ ಮಾಡ್ತೀನಿ” ಎಂದುಬಿಟ್ಟೆ. ಬೀಗರ ಮುಂದೆ ನನ್ನ ಮಾನ ಅಧಿಕೃತವಾಗಿ ಕಜ್ಜಾಯದ ಮೇಲೆ ನಿಂತಿತು.

ಮೊದಲ ಪಾಕ ಸೌಟನ್ನು ಬಿಡಲಿಲ್ಲ. ಎರಡನೆಯದು ಸೌಟಿಗೆ ಸಿಗಲಿಲ್ಲ. ರೆಡಿಮೇಡ್ ಕಜ್ಜಾಯ ತರೋಣವೆಂದರೆ ನಮ್ಮ ಬೀದಿಯ ಹೆಂಗಸರೆಲ್ಲ ಸಂಜೆ ಸೇರುವುದೇ ಆ ಮಾರ್ಕೆಟ್ಟಿನಲ್ಲಿ. ಹಾಗಾಗಿ ಬಸ್ಸು ಹತ್ತಿ, ಅದರದೇ ಚನ್ನರಾಯಪಟ್ಟಣದ ಮಳಿಗೆಗೆ ಹೋದೆ. ಪೊಟ್ಟಣಗಳನ್ನು ಬುಟ್ಟಿಗೆ ಹಾಕುತ್ತಿದ್ದಾಗ ಮತ್ತೆ ಅತ್ತೆಯ ಫೋನ್.

“ಏನ್ಮಾಡ್ತಿದ್ದೀಯವ್ವ?”

“ಒಲೆ ಮುಂದೇ ಇದ್ದೀನಿ ಅತ್ತೆ. ಪಾಕ ಬರ್ತಾ ಇದೆ.”

“ಬರ್ಲಿ, ಬರ್ಲಿ.”

ಆ ದನಿಯ ಸಿಹಿಯನ್ನು ನಾನು ಆಗಲೇ ಶಂಕಿಸಬೇಕಿತ್ತು.

ಮನೆಗೆ ಬಂದು ಕಜ್ಜಾಯಗಳನ್ನು ಸ್ಟೀಲ್ ಡಬ್ಬಿಗೆ ವರ್ಗಾಯಿಸಿದೆ. ಮೇಲೆ ನನ್ನ ಕೈಯಾರೆ ಒಂದಿಷ್ಟು ಗಸಗಸೆ ಉದುರಿಸಿದೆ. ಕೊನೆಗೆ, ನಂಬಿಕೆಗೆ ಒಂದು ಆಧಾರವಿರಲೆಂದು, ತೋರುಬೆರಳಿಗೆ ಸುಟ್ಟಗಾಯದ ಪಟ್ಟಿ ಸುತ್ತಿಕೊಂಡೆ.

ಸೀಮಂತದ ದಿನ ಬೀಗಿತ್ತಿ ಕಜ್ಜಾಯ ಮುರಿದು ಬಾಯಿಗಿಟ್ಟು, “ಎಷ್ಟು ಮೆತ್ತಗವೆ! ಯಾರು ಮಾಡಿದ್ದು?” ಎಂದರು.

“ನಮ್ ಸೊಸೆ. ಬೆರಳು ಬೇರೆ ಸುಟ್ಕೊಂಡವ್ಳೆ, ಪಾಪ” ಎಂದರು ಅತ್ತೆ. ನಾನು ಬೆರಳನ್ನು ಸ್ವಲ್ಪ ಮುಂದೆ ಚಾಚಿದೆ.

ಆಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಕನ್ನಡಕ ಏರಿಸಿ, ಫೋನನ್ನು ನನ್ನ ಮುಂದೆ ಹಿಡಿದರು. ‘ನಿಮ್ಮ ಕುಟುಂಬದ ಸದಸ್ಯರು ಈಗ ನಮ್ಮ ಚನ್ನರಾಯಪಟ್ಟಣದ ಮಳಿಗೆಯಲ್ಲಿದ್ದಾರೆ. ನಮಗೆ ಸಂತೋಷ.’ ಅದರ ಕೆಳಗೆ: ‘ಕಜ್ಜಾಯ ಕೊಂಡದ್ದಕ್ಕೆ ಧನ್ಯವಾದ. ರುಚಿ ಹೇಗಿತ್ತು?’

ಅಕ್ಕಪಕ್ಕದವರ ಕಣ್ಣು ತಪ್ಪಿಸಲು ಅಷ್ಟು ದೂರ ಹೋದವಳು, ಅವರೆಲ್ಲರಿಗಿಂತ ಚುರುಕಾದ ಕಣ್ಣನ್ನು ವ್ಯಾನಿಟಿ ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗಿದ್ದೆ.

“ಬೆರಳು ಎಲ್ಲಿ ಸುಟ್ಕೊಂಡ್ಯವ್ವ, ಬಸ್ಸಲ್ಲಾ?”

ನಾನು ಸಿಂಕಿನ ನಲ್ಲಿಯನ್ನು ಗಮನವಿಟ್ಟು ನೋಡಿದೆ.

“ಓಗ್ಲಿ ಬುಡು. ಪಾಯಿಂಟ್ ಬಂದವೆ. ಬಾಣಲೆ ಕೊಡ್ತಾರಂತೆ. ಅದು ನಿಂಗೇ ಇರ್ಲಿ.”

ಬಾಣಲೆ ಬಂತು. ಛಲದಿಂದ ಮತ್ತೆ ಪಾಕ ಇಟ್ಟೆ. ಎಣ್ಣೆಗೆ ಬಿಟ್ಟ ಕಜ್ಜಾಯ ಚೂರುಚೂರಾಗಿ ನಾಲ್ಕೂ ದಿಕ್ಕಿಗೆ ಹೊರಟಿತು. ಅದನ್ನು ಹಿಡಿಯುವ ಗಡಿಬಿಡಿಯಲ್ಲಿದ್ದಾಗ ಅತ್ತೆಯ ಫೋನ್.

“ನೋಡವ್ವ, ಮೆಸೇಜ್ ಬಂದೈತೆ. ‘ನಿಮ್ಮ ಸದಸ್ಯರು ಬಹಳ ದಿನದಿಂದ ಬಂದಿಲ್ಲ, ಕಜ್ಜಾಯ ಕಾಯುತ್ತಿದೆ’ ಅಂತೆ. ನಿಂದು ಎಂಗ್ ಬಂತು?”

ಬಾಣಲೆ ಚಟಪಟ ಎಂದಿತು.

“ತಿಳೀತು ಬುಡು. ಓಗಿ ತಕೊಂಡ್ ಬಾ. ನನ್ ನಂಬರೇ ಕೊಡು.”

ಹೋದೆ. ಈ ಸಲ ನಮ್ಮ ಬೀದಿಯ ಮಾರ್ಕೆಟ್ಟಿಗೇ, ಎಲ್ಲರೂ ಸೇರುವ ಸಂಜೆಯಲ್ಲೇ. ತೋರುಬೆರಳಿಗೆ ಪಟ್ಟಿ ಸುತ್ತಿತ್ತು. ಒಳಗಿನ ಸುಟ್ಟಗಾಯ ಮಾತ್ರ ಈಗ ನಿಜ.