ಅಂಬುಜಾಳ ದಬರಿ, ಗೋಪೀನಾಥನ ಸೌದೆ

ಅಂಬುಜಾ: ನಾನು ಕೇಳಿದ್ದು ಇಷ್ಟೇ ರೀ. ಇದು ಒಲೆಯಿಂದ ಇಳಿಯೋದು ಯಾವಾಗ?

ಗೋಪೀನಾಥ: ಬೆಂದ ಮೇಲೆ.

ಅಂಬುಜಾ: ಸೌದೆ ಬೆಂತು ಅಂತ ಹೇಗ್ರೀ ಗೊತ್ತಾಗೋದು? ಬೇಳೆ ಥರ ಹಿಸುಕಿ ನೋಡ್ತೀರಾ?

ಗೋಪೀನಾಥ: ಸೌದೆ ಅಲ್ಲ ಕಣೇ, ಡ್ರಿಫ್ಟ್‌ವುಡ್. ಮೀನಿನ ತೊಟ್ಟೀಲಿ ಇಡೋಕೆ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಬಣ್ಣ ಬಿಡುತ್ತೆ, ನೀರು ಕುಡಿದು ಭಾರ ಆಗಿ ಮುಳುಗುತ್ತೆ.

ಅಂಬುಜಾ: ಅಬ್ಬಬ್ಬಾ, ಎಷ್ಟು ಉಪಚಾರ! ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಒಲೆ ಮುಂದೆ ನಿಂತಿದೀರ. ಲೋಕದಲ್ಲೆಲ್ಲ ಸೌದೆ ಒಲೆ ಒಳಗಿಡ್ತಾರೆ, ನೀವು ಮೇಲಿಟ್ಟಿದೀರ.

ಅಂಬುಜಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಅವಳ ಅಣ್ಣ ಅತ್ತಿಗೆ ಊಟಕ್ಕೆಂದು ಕೆಂಗೇರಿಯಿಂದ ಹೊರಟಾಗಿತ್ತು. ಬಿಸಿಬೇಳೆಬಾತ್ ಮಾಡುವಷ್ಟು ದೊಡ್ಡ ಪಾತ್ರೆ ಬಸವೇಶ್ವರನಗರದ ಆ ಮನೆಯಲ್ಲಿ ಇದ್ದದ್ದೇ ಒಂದು, ಮದುವೆಯಲ್ಲಿ ತವರಿನವರು ಕೊಟ್ಟ ದಬರಿ. ಅದರಲ್ಲೀಗ ಗಂಡ ವಿಜಯನಗರದ ಅಕ್ವೇರಿಯಂ ಅಂಗಡಿಯಿಂದ ಹೊತ್ತು ತಂದ ಕೊರಡು, ಕಷಾಯದ ಬಣ್ಣದ ನೀರಿನಲ್ಲಿ ಆರಾಮಾಗಿ ತೇಲುತ್ತಿತ್ತು.

ಅಂಬುಜಾ: ಅಣ್ಣ ಬಂದ್ರೆ ಏನ್ ಬಡಿಸ್ಲಿ? ಇದನ್ನೇ ಒಂದೊಂದು ಸೌಟು?

ಗೋಪೀನಾಥ: ಮುಳುಗಿದ ತಕ್ಷಣ ತೆಗೀತೀನಿ.

ಅಂಬುಜಾ: ಅದು ಮುಳುಗಲ್ಲ ರೀ. ಇವತ್ತು ಮುಳುಗೋದು ನನ್ನ ಮಾನ.

ಗೋಪೀನಾಥ: ಹೋಟ್ಲಿಂದ ತರ್ಸೋಣ ಬಿಡು.

ಅಂಬುಜಾ: ಭೇಷ್! ಮೀನಿಗೆ ಮನೆ ಅಡುಗೆ, ನಮ್ಮಣ್ಣನಿಗೆ ಹೋಟ್ಲು!

ಕೊರಡಿನ ಮೇಲೆ ಹೇರಲು ಕಲ್ಲು ಹುಡುಕಿಕೊಂಡು ಗೋಪೀನಾಥ ಹೊರಗೆ ಹೋದ. ಅಂಬುಜಾ ಸಿಟ್ಟಿನಿಂದ ಸೌಟು ತೆಗೆದುಕೊಂಡು ಕೊರಡಿಗೆ ಒಂದು ತಿವಿದಳು. ಅದು ಮಗ್ಗುಲಾಯಿತು. ಒಂದು ಕಡೆ ದಪ್ಪ ತಲೆ, ಅದರಿಂದ ಇಳಿದು ಬಲಕ್ಕೆ ಬಾಗಿದ ಕೊಂಬೆ. ಅವಳಿಗೆ ಥಟ್ಟನೆ ಉಪಾಯ ಹೊಳೆಯಿತು. ಹಜಾರದಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಅನಂತಲಕ್ಷ್ಮಮ್ಮನವರನ್ನು ಕೂಗಿದಳು.

ಅಂಬುಜಾ: ಅತ್ತೆ, ಒಂದ್ನಿಮಿಷ ಬನ್ನಿ. ಇದು ಸೊಂಡಿಲು ಥರ ಇದೆ ಅಲ್ವಾ?

ಅನಂತಲಕ್ಷ್ಮಮ್ಮ: ಎಲ್ಲಿ, ತಡಿ, ಕನ್ನಡಕ ಹಾಕ್ಕೋತೀನಿ... ರಾಮ ರಾಮ! ಸೊಂಡಿಲೇ ಕಣೇ! ಅದೋ ಕಿವಿ! ಬಲಮುರಿ ಬೇರೆ! ಬಲಮುರಿ ಗಣಪತಿಗೆ ಮಡಿ ಎಷ್ಟು ಗೊತ್ತೇನೇ?

ಅಷ್ಟರಲ್ಲಿ ಗೋಪೀನಾಥ ಕಲ್ಲು ಹಿಡಿದುಕೊಂಡು ಒಳಗೆ ಬಂದ.

ಅನಂತಲಕ್ಷ್ಮಮ್ಮ: ಪಾಪಿ! ಗಣಪತೀನ ಬೇಯಿಸ್ತಾ ಇದೀಯಲ್ಲೋ! ಮೊದಲು ಒಲೆ ಆರಿಸು!

ಗೋಪೀನಾಥ: ಅಮ್ಮಾ, ಅದು ಡ್ರಿಫ್ಟ್‌ವುಡ್. ಕ್ರಿಮಿ ಸಾಯ್ಲಿ ಅಂತ...

ಅನಂತಲಕ್ಷ್ಮಮ್ಮ: ದೇವರ ಮೈಮೇಲೆ ಕ್ರಿಮಿ ಹುಡುಕ್ತೀಯಾ? ಆ ಕಲ್ಲು ಯಾಕೋ?

ಗೋಪೀನಾಥ: ಮುಳುಗಿಸೋಕಮ್ಮ.

ಅನಂತಲಕ್ಷ್ಮಮ್ಮ: ನೋಡಿದ್ಯಾ ಅಂಬುಜಾ! ಒಂದು ಹೂ ಏರಿಸ್ಲಿಲ್ಲ, ಆಗ್ಲೇ ವಿಸರ್ಜನೆಗೆ ನಿಂತಿದಾನೆ!

ನಗು ತಡೆಯಲಾಗದೆ ಅಂಬುಜಾ ಗೋಡೆಯ ಕಡೆ ತಿರುಗಿದಳು. ಗಂಡನ ಜೋತುಬಿದ್ದ ಮುಖ ನೋಡಿ ಅವಳಿಗೆ ಹೊಟ್ಟೆ ತಣ್ಣಗಾಯಿತು.

ಅಂಬುಜಾ: ನಾನು ಆಗ್ಲಿಂದ ಬಡ್ಕೋತಾ ಇದೀನಿ ಅತ್ತೆ, ಇವ್ರು ಕೇಳಿದ್ರೆ ತಾನೆ? ನೀವು ಅದನ್ನ ದೇವರ ಮನೇಲಿಡಿ. ನಾನು ದಬರಿ ತೊಳ್ಕೋತೀನಿ.

ಅನಂತಲಕ್ಷ್ಮಮ್ಮ: ಯಾಕೆ?

ಅಂಬುಜಾ: ಬಿಸಿಬೇಳೆಬಾತಿಗೆ.

ಅನಂತಲಕ್ಷ್ಮಮ್ಮ: ಏನಂದೆ? ಬಲಮುರಿ ಗಣಪತಿ ಕಾಣಿಸ್ಕೊಂಡ ಪಾತ್ರೇಲಿ ಈರುಳ್ಳಿ ಬೇಯಿಸ್ತೀಯಾ? ಮುಟ್ಟಬೇಡ ಅದನ್ನ! ಇನ್ಮೇಲೆ ಅದು ದೇವರ ಪಾತ್ರೆ. ಗೋಪಿ, ಎತ್ತೋ, ದಬರಿ ಸಮೇತ!

ತಾನೊಂದು ಬಗೆದರೆ ದೈವವೊಂದು ಬಗೆಯಿತು. ತವರಿನ ದಬರಿ ಅಂಬುಜಾಳ ಕಣ್ಣೆದುರೇ ದೇವರ ಮನೆಗೆ ಹೊರಟಿತ್ತು. ಕೆಳಗೆ ಗೇಟು ಕಿರುಗುಟ್ಟಿತು, ಅಣ್ಣನ ದನಿ ಕೇಳಿಸಿತು. ಮಸಿಬಟ್ಟೆಯಲ್ಲಿ ದಬರಿ ಹಿಡಿದಿದ್ದ ಗೋಪೀನಾಥ ಅವಳ ಪಕ್ಕದಲ್ಲಿ ಒಂದು ಗಳಿಗೆ ನಿಂತ.

ಗೋಪೀನಾಥ: ಬೇಜಾರ್ ಮಾಡ್ಕೋಬೇಡ ಕಣೇ. ಸ್ಕೂಟರ್ ಡಿಕ್ಕೀಲಿ ಇನ್ನೊಂದು ತುಂಡಿದೆ. ಕುಕ್ಕರ್ ಖಾಲಿ ಇದ್ಯಾ?