ಸೊಸೆಯ ಆಟದಲ್ಲಿ ಹಾವು ಸತ್ತದ್ದು

ಮೊದಲು ಆಣೆ ಹಾಕು ಮಾರಾಯ್ತಿ. ಇದು ನಿನ್ನ ಹೊಟ್ಟೆಯಲ್ಲೇ ಇರ್ಬೇಕು. ಯಾರಿಗೂ ಹೇಳುದಿಲ್ಲ ಅಂತ ನಾನು ಆಚೆಮನೆ ಸೊಸೆಗೆ ಮಾತು ಕೊಟ್ಟಿದ್ದೇನೆ. ನಿನಗೆ ಮಾತ್ರ ಹೇಳುದು. ಮೀನಿನವನಿಗೆ ಸ್ವಲ್ಪ ಹೇಳಿದ್ದೆ, ಅದು ಅವ ಬಂಗುಡೆ ಒಳ್ಳೆದು ಕೊಡ್ಲಿ ಅಂತ.

ಆ ಮನೆಯಲ್ಲಿ ಆದಿತ್ಯವಾರ ಬಂತು ಅಂದ್ರೆ ಎಂತಾದ್ರೂ ಒಂದು ಆಗಿಯೇ ಆಗ್ತದೆ. ಸೊಸೆ ಶಾಲೆ ಟೀಚರ್ ಅಲ್ವಾ, ರಾಮಕುಂಜದ ಹತ್ತಿರ. ಮೈಸೂರಲ್ಲಿ ಓದುವಾಗ ಕಲಿತ ಒಂದು ಆಟ ಉಂಟು ಅವಳದ್ದು. ಇಸ್ಪೀಟಲ್ಲ, ಕೇರಂ ಅಲ್ಲ. ಮೇಜಿನ ಸುತ್ತ ಕೂತು ಬಾಯಲ್ಲೇ ಆಡುದು. ಅವಳು ಕಥೆ ಹೇಳ್ತಾಳೆ, ಬೇರೆಯವರು ಆ ಕಥೆಯೊಳಗಿನ ಒಬ್ಬೊಬ್ಬರಾಗ್ತಾರೆ. ಝೆರಾಕ್ಸ್ ಅಂಗಡಿಯವ ಕತ್ತಿ ಹಿಡಿಯುವ ಶೂರ. ಸುಳ್ಯ ರೂಟಿನ ಬಸ್ ಕಂಡಕ್ಟರ್ ಮಂತ್ರವಾದಿ. ಇನ್ಶೂರೆನ್ಸ್ ಮಾಡಿಸುವ ಅಕ್ಕ ಉಂಟಲ್ಲ, ಅವರು ಬಿಲ್ಲುಗಾರ್ತಿ. ಹೊಡೆದದ್ದು ತಾಗಿತಾ ಇಲ್ವಾ ಅಂತ ಇಪ್ಪತ್ತು ಮುಖದ ದಾಳ ಹಾಕಿ ನೋಡುದು. ಕಥೆಯ ಪುಸ್ತಕ ಎಲ್ಲ ಫಾರಿನ್ನವರು ಬರೆದದ್ದು.

ನನಗೆ ಹೇಗೆ ಗೊತ್ತು ಅಂತ ಕೇಳ್ಬೇಡ. ನಮ್ಮ ಬಟ್ಟೆ ಒಗೆಯುವ ಕಲ್ಲು ಅವರು ಆಡುವ ಮೇಲಿನ ಕೋಣೆಯ ಕಿಟಕಿಯ ಕೆಳಗೆ ಇರುದು, ಕಣ್ಣಿಗೆ ಕಾಣದ್ದನ್ನು ಸೊಸೆಯೇ ಹೇಳ್ತಾಳೆ. ಆದಿತ್ಯವಾರ ನಮ್ಮಲ್ಲಿ ಬಟ್ಟೆ ಸ್ವಲ್ಪ ಜಾಸ್ತಿ.

ಅತ್ತೆಗೆ ಮಾತ್ರ ಆ ಆಟ ಕಂಡ್ರೆ ಆಗುದಿಲ್ಲ. "ಮೇಲಿನ ಕೋಣೆಗೆ ಬೀಗ ಹಾಕಿ ರಬ್ಬರ್ ಶೀಟ್ ತುಂಬಿಸ್ತೇನೆ" ಅಂತ ದಿನಾ ಹೇಳುದು. ಪಾಪ ಆ ಹುಡುಗಿ. ವಾರ ಇಡೀ ಶಾಲೆ, ಅಡಿಗೆ, ಅತ್ತೆ. ಅವಳು ಬಾಯಿ ಬಿಟ್ಟು ನಗುದು ಅಂತ ಇದ್ರೆ ಆ ಒಂದು ಮಧ್ಯಾಹ್ನ ಮಾತ್ರ.

ಛತ್ರದ ಪುಸ್ತಕ

ಅದರಲ್ಲಿ ಬರೆದದ್ದು ಇಷ್ಟೇ. ದಾರಿಯಲ್ಲಿ ಒಂದು ಛತ್ರ, ಛತ್ರದ ಅಜ್ಜ ನಿಧಿ ಇರುವ ಗುಹೆಯ ದಾರಿ ಹೇಳ್ತಾನೆ, ಇವರು ಹೋಗಿ ಡ್ರ್ಯಾಗನ್ ಕೊಲ್ಲುದು. ಬರೆದವನಿಗೆ ನಮ್ಮ ಊರಿನವರು ಗೊತ್ತಿಲ್ಲ.

ಇನ್ಶೂರೆನ್ಸ್ ಅಕ್ಕ ಕೇಳಿದ್ರು, "ಅಜ್ಜ, ನಿಮ್ಮ ಮೂಲ ಮನೆ ಎಲ್ಲಿ?"

ಅಜ್ಜನ ಪರವಾಗಿ ಸೊಸೆ ಬಾಯಿಗೆ ಬಂದದ್ದು ಹೇಳಿದಳು, "ಉತ್ತರದ ಹಿಮದ ಬೆಟ್ಟದಲ್ಲಿ."

"ಹಿಮದ ಬೆಟ್ಟದಲ್ಲಿ ಯಾರ ಪೈಕಿ? ಹೆಂಡತಿ ಮನೆ ಯಾವುದು? ಮಗಳನ್ನು ಎಲ್ಲಿಗೆ ಕೊಟ್ಟದ್ದು?"

ಸಂಜೆ ಆಗುವಾಗ ಆ ಅಜ್ಜ ಅಕ್ಕನ ತಾಯಿ ಕಡೆಯಿಂದ ಸೋದರಮಾವ ಆಗಬೇಕು ಅಂತ ಇತ್ಯರ್ಥ ಆಯ್ತು. ಸಂಬಂಧ ಗೊತ್ತಾದ ಮೇಲೆ ಊಟ ಮಾಡದೆ ಹೊರಡುದು ಹೇಗೆ? ಎಲ್ಲರೂ ಛತ್ರದಲ್ಲಿ ಊಟಕ್ಕೆ ಕೂತರು. ಡ್ರ್ಯಾಗನ್ ಗುಹೆಯಲ್ಲಿ ಕಾದದ್ದೇ ಬಂತು.

"ಅಕ್ಕ, ಇವತ್ತು ಗುಹೆಯ ಬಾಯಿಗಾದ್ರೂ ಹೋಗ್ಬೇಕಿತ್ತು" ಅಂತ ಸೊಸೆ ತಲೆಗೆ ಕೈ ಇಟ್ಟಳು.

"ತಡಿ ಮಗ," ಅಂದ್ರು ಅಕ್ಕ, "ಮಾವನಿಗೆ ಒಂದು ಪಾಲಿಸಿ ಮಾಡಿಸಿ ಬರ್ತೇನೆ. ಡ್ರ್ಯಾಗನ್ ಇರುವ ಜಾಗ."

ಎಲ್ಲಕ್ಕಿಂತ ಕೆಟ್ಟ ಪುಸ್ತಕ

ಇದು ಬರೀ ಗುಹೆ. ಕಾಲಿಟ್ಟಲ್ಲಿ ಗುಂಡಿ, ಮುಟ್ಟಿದಲ್ಲಿ ವಿಷ. ಜೊತೆಗೆ ಸಾಮಾನಿನದ್ದೇ ಒಂದು ಬೇರೆ ಪುಸ್ತಕ, ಹಗ್ಗ, ದೊಂದಿ, ಚೀಲ, ಎಂತ ಬೇಕೋ ಆರಿಸುದು. ಕಂಡಕ್ಟರ್ ಎಲ್ಲ ಬಿಟ್ಟು ಒಂದು ಉದ್ದದ ಕೋಲು ಆರಿಸಿದ, ನಮ್ಮ ತೆಂಗಿನಕಾಯಿ ಕೀಳುವ ದೋಟಿಯಷ್ಟು ಉದ್ದ. ನೆಲ ಕುತ್ತಿ ಕುತ್ತಿ ನೋಡ್ಲಿಕ್ಕೆ. ಗುಹೆಯ ತಿರುವಿನಲ್ಲಿ ಅದು ಅಡ್ಡ ಸಿಕ್ಕಿಹಾಕಿಕೊಂಡಿತು. ಮುಂದೆ ಇಲ್ಲ, ಹಿಂದೆ ಇಲ್ಲ. ಇವ ಅಭ್ಯಾಸಬಲದಲ್ಲಿ "ಹಿಂದೆ ಜಾಗ ಉಂಟು, ಹಿಂದೆ ಹೋಗಿ, ಹಿಂದೆ ಹೋಗಿ" ಅಂತ ಬೊಬ್ಬೆ ಹಾಕುದು.

ಝೆರಾಕ್ಸಿನವನಿಗೆ ತಾಳ್ಮೆ ಎಲ್ಲಿ? ದೋಟಿಯ ಅಡಿಯಿಂದ ನುಗ್ಗಿ ಗುಹೆಯೊಳಗಿನ ಒಂದು ಬಾಗಿಲು ಮುಟ್ಟಿದ. ಮುಟ್ಟಿದವ ಸತ್ತ ಅಂತ ಪುಸ್ತಕದಲ್ಲಿ ಬರೆದುಂಟು. ದಾಳ ಹಾಕ್ಲಿಕ್ಕೂ ಇಲ್ಲ.

"ಅಯ್ಯೋ, ಸತ್ತೇ ಹೋದನಲ್ಲ!" ಅಂತ ಅಕ್ಕ ಕೂಗಿದ್ದು ಕೆಳಗೆ ಅತ್ತೆಗೆ ಕೇಳಿತು. ನೀರಿನ ಚೊಂಬು ಹಿಡ್ಕೊಂಡು ಮೆಟ್ಟಿಲು ಹತ್ತಿ ಓಡಿದ್ರು. ನೋಡಿದ್ರೆ ಹೆಣ ಮೂಲೆಯಲ್ಲಿ ಕೂತು ಎಣ್ಣೆಯಲ್ಲಿ ಕರಿದ ನೀರುಳ್ಳಿ ಪೋಡಿ ತಿಂತಾ ಉಂಟು.

"ಸತ್ತವ ತಿನ್ನಬಾರದು ಮಾರಾಯ, ತಟ್ಟೆ ಇತ್ಲಾಗಿ ಕೊಡು" ಅಂತ ಕಂಡಕ್ಟರ್.

"ನಮ್ಮ ಕಡೆ ಸತ್ತವರಿಗೇ ಮೊದಲು ಬಡಿಸುದು" ಅಂತ ಹೆಣ.

ಅತ್ತೆ ಚೊಂಬು ಕುಕ್ಕಿದ್ರು. "ಇನ್ನೊಂದು ಅಪಶಕುನ ಈ ಮನೆಯಲ್ಲಿ ಆಗ್ಲಿ, ಪಂಜದಿಂದ ಅಣ್ಣನನ್ನು ಕರೆಸುದೇ!"

ಸೊಸೆಯ ಮುಖ ಬಿಳಿಚಿತು. ಪಂಜದ ಅಣ್ಣ ಅಂದ್ರೆ ಆ ಮನೆಗೆ ಸುಪ್ರೀಂ ಕೋರ್ಟು. ಅವರು ಬೇಡ ಅಂದ್ರೆ ಬೇಡವೇ.

ಎಲ್ಲಕ್ಕಿಂತ ಒಳ್ಳೆ ಪುಸ್ತಕ

ಸೊಸೆ ಆಸೆಪಟ್ಟು ತರಿಸಿದ್ದಂತೆ. ಕಾಡು, ಹೊಳೆ, ಹಾಳುಬಿದ್ದ ಅರಮನೆ, ಕೊನೆಗೆ ನಿಧಿ. ನಾನು ಒಗೆದ ಬಟ್ಟೆಯನ್ನೇ ಪುನಃ ಒಗೆದೆ, ಅಷ್ಟು ಚಂದ. ಆದ್ರೆ ನಿಧಿಯ ಮೇಲೆ ಹೆಡೆ ಎತ್ತಿದ ದೊಡ್ಡ ಸರ್ಪ. ಅದನ್ನು ಕೊಲ್ಲಬೇಕು ಅಂತ ಪುಸ್ತಕ.

ಮೂವರೂ ಕತ್ತಿ, ಬಿಲ್ಲು ಎಲ್ಲ ಕೆಳಗಿಟ್ಟರು.

"ನನ್ನಿಂದ ಆಗುದಿಲ್ಲ," ಕಂಡಕ್ಟರ್ ಹೇಳಿದ, "ಹೆಂಡತಿಗೆ ಈಗ ಏಳು ತಿಂಗಳು."

"ನಮ್ಮ ಮನೆಯಲ್ಲಿ ನಾಗನ ಕಟ್ಟುನಿಟ್ಟು ಜೋರು," ಅಂದ್ರು ಅಕ್ಕ, "ನಾನು ಹಾಲು ಇಟ್ಟು ಕೈಮುಗಿತೇನೆ."

"ಇದು ಕಥೆ ಅಕ್ಕ!"

"ಕಥೆ ಆದ್ರೂ ಹೆಡೆ ಉಂಟಲ್ಲ?"

ಕೈಮುಗಿಯುವಾಗಲೇ ಝೆರಾಕ್ಸಿನವನ ಕೈತಪ್ಪಿ ದಾಳ ಬಿತ್ತು. ಬಿದ್ದದ್ದು ಇಪ್ಪತ್ತು! ಬಿದ್ದ ದಾಳ ಬಿದ್ದದ್ದೇ. ಸರ್ಪ ಒಂದೇ ಏಟಿಗೆ ಹೋಯ್ತು. ಬಾಗಿಲಲ್ಲಿ ಚಾ ಹಿಡ್ಕೊಂಡು ಅತ್ತೆ.

"ನನ್ನ ಮನೆಯಲ್ಲಿ ನಾಗನನ್ನು ಕೊಂದ್ರಾ?"

ಕೂಡಲೇ ಪಂಜಕ್ಕೆ ಫೋನು.

ಪಂಜದ ಅಣ್ಣನ ತೀರ್ಮಾನ

ಮುಂದಿನ ಆದಿತ್ಯವಾರ ಅಣ್ಣ ಬಂದ್ರು. ಬಿಳಿ ಪಂಚೆ, ಹೆಗಲಿಗೆ ಶಾಲು, ಕಂಕುಳಲ್ಲಿ ಕೊಡೆ. ನಾನು ಆ ದಿನ ಹಾಸಿಗೆ, ಕಂಬಳಿ ಎಲ್ಲ ಒಗೆಯಲಿಕ್ಕೆ ಹಾಕಿದ್ದೆ.

ಅತ್ತೆ ಬೀಗ ಕೈಯಲ್ಲಿ ಹಿಡಿದೇ ನಿಂತಿದ್ರು. ಸೊಸೆ ಪುಸ್ತಕ ಎಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿಸಿ ಆಗಿತ್ತು. ಕಣ್ಣು ಕೆಂಪು.

ಅಣ್ಣ ಇಡೀ ಕಥೆ ಕೇಳಿದ್ರು. ಮತ್ತೆ ಪ್ರಶ್ನೆ. "ಸತ್ತದ್ದು ಗಡಿಯ ಒಳಗಾ, ಹೊರಗಾ? ಆ ಜಾಗ ಯಾರದ್ದು? ಹಾವಿಗೆ ಬೆಂಕಿ ಕೊಟ್ಟಾಯ್ತಾ ಇಲ್ವಾ?"

"ಇಲ್ಲ ಮಾವ, ಅಲ್ಲೇ ಉಂಟು" ಅಂತ ಸೊಸೆ.

"ಅಲ್ಲೇ ಬಿಟ್ಟು ಬಂದ್ರಾ?" ಅಣ್ಣ ಎದ್ದೇ ನಿಂತರು. "ಆಟ ನಿಲ್ಲಿಸಿದ್ರೆ ಆ ದೋಷ ಹಾಗೇ ಉಳಿತದೆ. ಕಥೆಯಲ್ಲಿ ಸತ್ತದ್ದಕ್ಕೆ ಕಥೆಯಲ್ಲೇ ಸಂಸ್ಕಾರ ಆಗ್ಬೇಕು. ತೆಗಿ ಪುಸ್ತಕ!"

"ಅಣ್ಣ, ನಾನು ನಿಮ್ಮನ್ನು ಕರೆಸಿದ್ದು ನಿಲ್ಲಿಸ್ಲಿಕ್ಕೆ..."

"ನೀನು ಸುಮ್ಮನಿರು. ಭಟ್ರು ಯಾರು? ಭಟ್ರಿಲ್ಲದೆ ಸಂಸ್ಕಾರ ಉಂಟಾ? ಇಷ್ಟು ವರ್ಷ ಭಟ್ರ ಎದುರು ಕೂತು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ದೇನೆ. ಇವತ್ತು ನಾನೇ ಭಟ್ರು."

ಕೂತರು. ಕಥೆಯೊಳಗೆ ಮಂಡಲ ಬರೆಸಿದ್ರು, ದರ್ಭೆ ತರಿಸಿದ್ರು, ಕಂಡಕ್ಟರನನ್ನು ಹೂ ಕೊಯ್ಯಲಿಕ್ಕೆ ಓಡಿಸಿದ್ರು. ಮಂತ್ರ ಫಲಿಸಿತಾ ಅಂತ ದಾಳ ಹಾಕಿದ್ರು. ಬಿದ್ದದ್ದು ಒಂದು.

"ಒಂದು ಬಿದ್ರೆ ಮಂತ್ರ ತಪ್ಪಿದ ಹಾಗೆ, ಮಾವ" ಅಂತ ಸೊಸೆ ಮೆಲ್ಲ ಹೇಳಿದಳು.

"ನನ್ನ ಮಂತ್ರ ತಪ್ಪುದಾ? ದಾಳ ಓರೆ ಉಂಟು!"

ಪುನಃ ಹಾಕಿದ್ರು. ಪುನಃ ಒಂದು! ಆಗ ಬಾಗಿಲ ಹತ್ತಿರದಿಂದ ಅತ್ತೆ, ಬೀಗ ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದ್ರು.

"ಸರಿಯಿರಿ ಅಣ್ಣ. ನಿಮ್ಮ ಕೈಗುಣ ಚಿಕ್ಕಂದಿನಿಂದಲೂ ಒಳ್ಳೆದಿಲ್ಲ. ಕೊಡಿ ಇತ್ಲಾಗಿ."

ಹಾಕಿದ್ರು ನೋಡು. ಇಪ್ಪತ್ತು!

ಅಲ್ಲಿಂದ ಇಬ್ಬರೂ ಬಿಟ್ಟದ್ದಿಲ್ಲ, ಅಣ್ಣ ಪ್ರತಿ ಆದಿತ್ಯವಾರ ಪಂಜದಿಂದ ಬರುದೇ. ಈಗ ಅಡಿಗೆ ಬೆಳಿಗ್ಗೆಯೇ ಮುಗಿಸಿ ಮೇಲೆ ಹತ್ತುದು ಅತ್ತೆಯೇ ಮೊದಲು. ಸೊಸೆ ಯಾವ ವೇಷ ಬೇಕು ಅಂತ ಕೇಳಿದ್ದಕ್ಕೆ ಎಂತ ಆರಿಸಿದ್ದು ಗೊತ್ತುಂಟಾ? ಕಳ್ಳಿ! ನಿನ್ನೆ ಕಥೆಯಲ್ಲಿ ಅಣ್ಣ ಕಣ್ಣುಮುಚ್ಚಿ ಮಂತ್ರ ಹೇಳುವಾಗ ಅವರ ಬೆಳ್ಳಿ ತಂಬಿಗೆಯನ್ನೇ ಹಾರಿಸಿದ್ದಾರೆ. ಅಣ್ಣ, "ಒಡಹುಟ್ಟಿದವಳೇ ಹೀಗೆ ಮಾಡಿದ್ರೆ?" ಅಂತ ಚಾ ಕೂಡ ಕುಡಿಯದೆ ಪಂಜದ ಬಸ್ಸು ಹತ್ತಿದ್ದು. "ತಂಬಿಗೆ ವಾಪಸ್ ಕೊಡಿ ಅತ್ತೆ, ಮಾವ ಬರದಿದ್ರೆ ಆಟವೇ ಇಲ್ಲ" ಅಂತ ಸೊಸೆ ಕಾಲು ಹಿಡಿಯುದೊಂದು ಬಾಕಿ. ಇವರು ಹೇಳುದು, "ಕದ್ದದ್ದು ವಾಪಸ್ ಕೊಡ್ಲಿಕ್ಕೆ ನಾನು ಎಂತ ಕಳ್ಳಿ?"

ಶ್! ಗೇಟು ಶಬ್ದ ಆಯ್ತು. ಆ ಅತ್ತೆಯೇ ಮಾರಾಯ್ತಿ, ಇಲ್ಲಿಗೇ ಬರುದು. ನೀನು ನಗ್ಬೇಡ, ಚಾ ಕುಡಿ, ಚಾ ಕುಡಿ...

ಹೋ, ಬನ್ನಿ ಅಕ್ಕ, ಬನ್ನಿ! ನಿಮ್ಮ ಸುದ್ದಿಯೇ ಇಲ್ಲ ಈಚೆಗೆ. ಕೂತ್ಕೊಳ್ಳಿ. ಅಣ್ಣನ ತಂಬಿಗೆ ಕೊಟ್ರಾ?